ನಂಜಪ್ಪ ಮಾವನ ಅಂಗೈ ಮತ್ತು ನಾಲ್ಕು ಸಾವಿರ ಎಲೆಗಳು

2019ರ ಜೂನ್ ಕೊನೆಯ ವಾರ. ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾದ ಎರಡನೇ ವರ್ಷ ಮುಗಿಸಿದ್ದ ನಾನು ಹಾಸನದ ಒಂದು ಕಾಲೇಜಿನ ಕಂಪ್ಯೂಟರ್ ಸಂಶೋಧನಾ ಲ್ಯಾಬಿಗೆ ಹತ್ತು ವಾರದ ರಜೆ ಕೆಲಸಕ್ಕೆ ಸೇರಿದೆ. ಹೆಸರಿಗೆ ಬೇಸಿಗೆ ಕೆಲಸ. ಸೇರಿದ ದಿನವೇ ಜಿಟಿಜಿಟಿ ಮಳೆ. ಈಗ ಅದೇ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಪ್ರತಿ ರಜೆಯಲ್ಲಿ ಬರುವ ಹೊಸ ವಿದ್ಯಾರ್ಥಿಗಳಿಗೆ ಕೆಲಸ ಹೇಳಿಕೊಡುವುದು ನನ್ನ ಪಾಲಿಗೆ ಬಂದಿದೆ.

ಈ ಬರಹವನ್ನು ಒಂದೇ ಕಡೆ ಕೂತು ಬರೆಯಲಾಗಲಿಲ್ಲ. ನಂಜಪ್ಪ ಮಾವ ಈ ಮಾಘದಲ್ಲಿ ತೀರಿಕೊಂಡ ಮೇಲೆ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಭಾನುವಾರ ಬಂತೆಂದರೆ ಹೊಳೆನರಸೀಪುರದ ನಮ್ಮ ಮನೆಯಿಂದ ಹೊರಟು ಅರಕಲಗೂಡಿನ ಬಸ್ಸು ಹತ್ತುತ್ತೇನೆ. ಇಳಿದು ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ನಿಂತು, ಅದೇ ಬಸ್ಸಿನಲ್ಲಿ ವಾಪಸು ಬರುತ್ತೇನೆ. ಕಂಡಕ್ಟರ್ ಈಗ ಏನೂ ಕೇಳುವುದಿಲ್ಲ.

ಮಾವ ಎಂದರೆ ನಮ್ಮಮ್ಮನ ತಮ್ಮ. ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ ಲಗೇಜ್ ಆಟೋ ಓಡಿಸುತ್ತಿದ್ದರು, ಅರ್ಧ ಎಕರೆಯಲ್ಲಿ ಶುಂಠಿ ಹಾಕುತ್ತಿದ್ದರು.

ಲ್ಯಾಬಿನ ಮುಖ್ಯಸ್ಥೆಯಾಗಿದ್ದ ಮೇಡಂ ನಮಗೆ ವಹಿಸಿದ ಕೆಲಸ ಹೀಗಿತ್ತು. ಶುಂಠಿ ಎಲೆಯ ಫೋಟೋ ತೆಗೆದರೆ ಅದು ಆರೋಗ್ಯವಾಗಿದೆಯೋ, ಕೊಳೆ ರೋಗ ಹತ್ತಿದೆಯೋ ಎಂದು ಮೊಬೈಲೇ ಹೇಳಬೇಕು. ಅದಕ್ಕಾಗಿ ಕಂಪ್ಯೂಟರಿಗೆ ಸಾವಿರಾರು ಫೋಟೋ ತೋರಿಸಿ, ಪ್ರತಿಯೊಂದಕ್ಕೂ ‘ಆರೋಗ್ಯ’ ಇಲ್ಲವೇ ‘ರೋಗ’ ಎಂದು ಹೆಸರು ಹಚ್ಚಬೇಕು. ಈ ಹೆಸರು ಹಚ್ಚುವುದಕ್ಕೆ ಲೇಬಲಿಂಗ್ ಎನ್ನುತ್ತಾರೆ. ನೋಡಿ ನೋಡಿ ಕಂಪ್ಯೂಟರ್ ತಾನೇ ವ್ಯತ್ಯಾಸ ಕಲಿಯುತ್ತದೆ. ಫೋಟೋ ತೆಗೆಯುವುದಕ್ಕೂ ಲೇಬಲಿಂಗಿಗೂ ಇದ್ದವರು ಇಬ್ಬರೇ: ನಾನು ಮತ್ತು ಚನ್ನರಾಯಪಟ್ಟಣದ ರಕ್ಷಿತ್.

ಹೊಲದಿಂದ ಹೊಲಕ್ಕೆ ನಮ್ಮನ್ನು ಕರೆದೊಯ್ದದ್ದು ಮಾವನ ಆಟೋ. ಎಲ್ಲಿ ಯಾರ ಶುಂಠಿ ಇದೆ, ಯಾರಿಗೆ ರೋಗ ಬಿದ್ದಿದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಮೂಟೆ ಹೇರುವ ಜಾಗದಲ್ಲಿ ನಾವಿಬ್ಬರೂ ಕೊಡೆ ಹಿಡಿದು ಕೂರುತ್ತಿದ್ದೆವು.

“ಲೇ ಪಟ್ಣದೋನೇ, ಗಟ್ಟಿಯಾಗ್ ಇಡ್ಕ. ನೀನ್ ಉದುರೋದ್ರೆ ನಿಮ್ಮಪ್ಪ ಬತ್ತಾನೆ, ಮೊಬೈಲ್ ಉದುರೋದ್ರೆ ನಿಮ್ ಮೇಡಮ್ಮು ಬತ್ತಾರೆ. ನಂಗೆ ಮೇಡಮ್ಮುಂದೇ ಎದ್ರಿಕೆ,” ಎಂದು ಮಾವ ರಕ್ಷಿತ್‌ಗೆ ಹೇಳುತ್ತಿದ್ದರು.

ನಮ್ಮ ಕಡೆಯ ಶುಂಠಿ ಬೆಳೆಗಾರರಲ್ಲಿ ಒಂದು ಕಟ್ಟುನಿಟ್ಟಿದೆ. ಹೊರಗಿನವರನ್ನು ಮಡಿಯೊಳಕ್ಕೆ, ಅಂದರೆ ಶುಂಠಿ ನೆಟ್ಟ ಪಾತಿಗಳೊಳಕ್ಕೆ, ಬಿಡುವುದಿಲ್ಲ. ಕೊಳೆ ರೋಗ ಮಣ್ಣಿನಲ್ಲಿ, ನೀರಿನಲ್ಲಿ ಹರಡುವಂಥದು. ಕಾಲಿಗಂಟಿದ ಕೆಸರಿನ ಜೊತೆಗೂ ಬರುತ್ತದೆ. ಹಾಗಾಗಿ ಚೆನ್ನಾಗಿರುವ ಗಿಡಗಳ ಫೋಟೋ ನಾವು ಬದುವಿನ ಮೇಲೆ ನಿಂತೇ ತೆಗೆಯುತ್ತಿದ್ದೆವು. ರೋಗ ಹತ್ತಿದ ಗಿಡ ಒಳಗೆಲ್ಲೋ ಇರುತ್ತಿತ್ತು. ಹೊಲದವರೇ ಹೋಗಿ ಹಳದಿಯಾದ ಎಲೆ ಕಿತ್ತು ತಂದು ಬದುವಿನ ಮೇಲಿದ್ದ ಮಾವನ ಕೈಗೆ ಕೊಡುತ್ತಿದ್ದರು. ಗಾಳಿಗೆ ಅಲ್ಲಾಡದಂತೆ ಮಾವ ಅದನ್ನು ಅಂಗೈ ಮೇಲೆ ಚಾಚಿ ಹಿಡಿಯುತ್ತಿದ್ದರು. ನಾನು ಕ್ಲಿಕ್ ಮಾಡುತ್ತಿದ್ದೆ. ಐದು ವಾರದಲ್ಲಿ ನಾಲ್ಕು ಸಾವಿರ ಫೋಟೋ ಆದವು, ಅರ್ಧ ಆರೋಗ್ಯದವು, ಅರ್ಧ ರೋಗದವು.

ಲ್ಯಾಬಿನಲ್ಲಿ ಪರೀಕ್ಷೆ ಮಾಡಿದಾಗ ಫಲಿತಾಂಶ ನಂಬಲಾರದಷ್ಟು ಚೆನ್ನಾಗಿ ಬಂತು. ಕಂಪ್ಯೂಟರ್ ಮೊದಲು ನೋಡಿರದ ಫೋಟೋಗಳನ್ನು ಕೊಟ್ಟರೂ ನೂರಕ್ಕೆ ಒಂದೋ ಎರಡೋ ತಪ್ಪು. ಆ ಫೋಟೋಗಳೂ ಅದೇ ಬದುಗಳ ಮೇಲೆ ತೆಗೆದವು ಎಂಬುದು ಯಾರಿಗೂ ಹೊಳೆಯಲಿಲ್ಲ. ಮೇಡಂ ಎಲ್ಲರಿಗೂ ಕಾಫಿ ತರಿಸಿದರು. ಮಾವನಿಗೆ ತೋರಿಸೋಣವೆಂದು ಆ ಶನಿವಾರ ಪ್ರೋಗ್ರಾಮ್ ಹಾಕಿದ ಮೊಬೈಲ್ ಹಿಡಿದು ನಾನೊಬ್ಬಳೇ ಅವರ ಊರಿಗೆ ಹೋದೆ.

ಮಾವ ಹೊಲದಲ್ಲಿದ್ದರು, ಕೈಯಲ್ಲಿ ಗುದ್ದಲಿ. ಮೇಲ್ಗಡೆಯ ಮಡಿಯಲ್ಲಿ ಒಂದು ಬುಡದ ಕೆಳಗಿನ ಎಲೆಗಳ ತುದಿ ಹಳದಿಗೆ ತಿರುಗಿತ್ತು. ಅದನ್ನು ಅಗೆದು ತೆಗೆದು, ಸುತ್ತ ಕಾಲುವೆ ಹೊಡೆದು, ನೀರು ಕೆಳಗಿನ ಮಡಿಗಳಿಗೆ ಹರಿಯದಂತೆ ಮಾಡಲು ಹೊರಟಿದ್ದರು.

“ಬಾ ಮಗ, ಸರ್ಯಾದ್ ಒತ್ಗೆ ಬಂದೆ. ಕೇಳು ನಿನ್ ಮಿಷನ್ನ, ಏನಂತದೆ ನೋಡುವ.”

ಸ್ವಂತ ಹೊಲ. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮಡಿಯ ಪಕ್ಕಕ್ಕೇ ಹೋಗಿ, ಗಿಡದಲ್ಲಿದ್ದ ಹಾಗೆಯೇ ಎಲೆಯ ಫೋಟೋ ತೆಗೆದೆ. ಹಸಿರು ಅಕ್ಷರದಲ್ಲಿ ‘ಆರೋಗ್ಯ’ ಎಂದು ಬಂತು. ಇನ್ನೆರಡು ಸಲ ತೆಗೆದೆ. ಎರಡು ಸಲವೂ ಹಸಿರು.

“ಏನೂ ಇಲ್ಲ ಅಂತ ಬತ್ತೈತೆ ಮಾವ.”

ಮಾವ ಬಗ್ಗಿ ಎಲೆ ಮುಟ್ಟಿ ನೋಡಿದರು. “ನನ್ ಕಣ್ಗೆ ಅಂಗ್ ಕಾಣಕಿಲ್ವಲ್ಲ. ನಿನ್ ಮಿಷನ್ನು ಎಷ್ಟ್ ಶುಂಠಿ ನೋಡ್ಯದೆ?”

“ನಾಕ್ ಸಾವ್ರ ಎಲೆ ನೋಡೈತೆ.”

“ಅಂಗಾದ್ರೆ ನನಗಿಂತ ಓದಿರೋದು ಬುಡು,” ಎಂದು ನಕ್ಕು ಗುದ್ದಲಿ ಹೆಗಲಿಗೇರಿಸಿದರು. ನನಗೂ ಒಳಗೊಳಗೇ ಅನುಮಾನವಿತ್ತು. ಹಳದಿ ನನ್ನ ಕಣ್ಣಿಗೂ ಕಾಣುತ್ತಿತ್ತು. ಆದರೂ ‘ಅಗೆದುಬಿಡು ಮಾವ’ ಎನ್ನಲಿಲ್ಲ. ಅವರ ಹಿಂದೆ ಮನೆಗೆ ನಡೆದು, ಅತ್ತೆ ಹಾಕಿದ ಮುದ್ದೆ ಉಂಡು, ಸಂಜೆಯ ಬಸ್ಸು ಹಿಡಿದೆ. ಅಂದಿನಿಂದ ಮೂರು ದಿನ ಬಿಡದೆ ಮಳೆ ಹೊಡೆಯಿತು. ಲ್ಯಾಬಿನ ಕಿಟಕಿಗೆ ನೀರು ಬಡಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಏನಾಯಿತೇ ಎಂದು ರಕ್ಷಿತ್ ಕೇಳಿದರೆ ಏನಿಲ್ಲ ಎನ್ನುತ್ತಿದ್ದೆ.

ಮುಂದಿನ ಭಾನುವಾರ ಹೋದಾಗ ಇಳಿಜಾರಿನುದ್ದಕ್ಕೂ ಆರು ಮಡಿ ಹಳದಿಯಾಗಿದ್ದವು. ಕಾಂಡ ಹಿಡಿದೆಳೆದರೆ ಬುಡದಿಂದ ಕಳಚಿ ಕೈಗೆ ಬರುತ್ತಿತ್ತು, ಕೊಳೆತ ವಾಸನೆ. ಅತ್ತೆ ಬದುವಿನ ಮೇಲೆ ನಿಂತು ನೋಡುತ್ತಿದ್ದರು.

ಮಾವ ಒಂದು ಎಲೆ ಕಿತ್ತು ಬಂದರು. “ತೆಗಿ ಮಗ, ಈಗೇನಂತದೆ ನೋಡುವ.” ಅಭ್ಯಾಸದಂತೆ ಅಂಗೈ ಮೇಲೆ ಚಾಚಿ ಹಿಡಿದರು. ಕೆಂಪಕ್ಷರ ಬಂತು: ‘ರೋಗ’.

“ಗಿಡದಾಗಿದ್ರೆ ಇಲ್ಲ, ಕೈಗ್ ಬಂದ್ರೆ ರೋಗವಾ?” ಎಂದವರು ಬದುವಿನ ಕಡೆ ಚೆನ್ನಾಗಿದ್ದ ಗಿಡದ ಹಸಿರೆಲೆ ಕಿತ್ತು ಅಂಗೈ ಮೇಲಿಟ್ಟರು. ‘ರೋಗ’. ಮಾವ ಎಲೆ ಬಿಸಾಕಿ, ಬರೀ ಅಂಗೈ ನೀಡಿದರು. ‘ರೋಗ’.

ಮಾವ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡು ಜೋರಾಗಿ ನಕ್ಕುಬಿಟ್ಟರು. “ಲೇ ಇವ್ಳೇ, ಕೇಳುಸ್ಕೊಂಡ? ನನ್ ಕೈಗೇ ಕೊಳೆ ರೋಗ ಬಂದ್ಬುಟ್ಟದಂತೆ ಕಣೇ!” ಅತ್ತೆ ನಗಲಿಲ್ಲ. ನಾನು ಅಳುತ್ತಿದ್ದೆ.

“ಅಳಬ್ಯಾಡ ಕಣ್ಮಗ. ನೀನ್ ಏಳಿದ್ದು ಸರಿ, ಕೇಳ್ದೋನ್ಗೆ ಕಣ್ಣಿರ್ಲಿಲ್ವಾ?”

ಸೋಮವಾರ ಬೆಳಿಗ್ಗೆ ಮೇಡಂಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಒಂದೊಂದೇ ಫೋಟೋ ತೆರೆದು ನೋಡುತ್ತ ಹೋದರು. ರೋಗ ಎಂದು ಹೆಸರು ಹಚ್ಚಿದ ಎಲ್ಲದರಲ್ಲೂ ಕೈ ಇತ್ತು. ಆರೋಗ್ಯದ ಒಂದರಲ್ಲೂ ಇರಲಿಲ್ಲ. ಕಂಪ್ಯೂಟರ್ ಎಲೆ ನೋಡಲು ಕಲಿತೇ ಇರಲಿಲ್ಲ, ಕೈ ನೋಡಲು ಕಲಿತಿತ್ತು.

“ಅದು ಸುಳ್ಳು ಹೇಳಿಲ್ಲ ಕಣಮ್ಮ,” ಎಂದರು ಮೇಡಂ. “ತೋರಿಸಿದ್ದನ್ನ ಕಲಿತಿದೆ. ಏನು ತೋರಿಸಿದ್ವಿ ಅಂತ ನಾವೇ ನೋಡ್ಕೊಂಡಿರ್ಲಿಲ್ಲ.”

ಉಳಿದ ವಾರಗಳಲ್ಲಿ ನನಗಿದ್ದದ್ದು ಒಂದೇ ಕೆಲಸ. ಪ್ರತಿ ಫೋಟೋದಲ್ಲಿ ಎಲೆಯ ಅಂಚಿನುದ್ದಕ್ಕೂ ಗೆರೆ ಎಳೆದು, ಸುತ್ತಲಿನ ಕೈಯನ್ನು ಅಳಿಸುವುದು. ಮಾವನ ಹೆಬ್ಬೆರಳು, ಆಟೋ ಬಾಗಿಲಿಗೆ ಸಿಕ್ಕಿ ಕಪ್ಪಾಗಿದ್ದ ಉಗುರು, ಅಂಗೈಯ ಗೆರೆಗಳು, ದಿನಕ್ಕೆ ಇನ್ನೂರು ಸಲ. ಮಧ್ಯೆ ಮಧ್ಯೆ ಹೊಸ ಫೋಟೋಗಳೂ ಬೇಕಾದವು, ಗಿಡದಲ್ಲೇ ಇರುವ ರೋಗದ ಎಲೆಗಳು. ಯಾವ ಮುಖ ಇಟ್ಟುಕೊಂಡು ಮಾವನನ್ನು ಕೇಳುವುದೆಂದು ಎರಡು ದಿನ ಒದ್ದಾಡಿದೆ. ಮೂರನೇ ದಿನ ಅವರೇ ಫೋನ್ ಮಾಡಿದರು.

“ಬನ್ರಲಾ ಇಬ್ರೂವೆ. ಬ್ಲೀಚಿಂಗ್ ಪೌಡರ್ ನೀರು ಮಡ್ಗೀನಿ, ಕಾಲ್ ತೊಳ್ಕೊಂಡು ಮಡಿಗೇ ಇಳೀರಿ. ಊರೋರ್ಗೆ ಏಳಿ ಒಪ್ಸೀನಿ. ಈ ಸಲ ನನ್ ಕೈ ಜೋಬಲ್ ಇಟ್ಕತೀನಿ.”

ಹಾಗೆಯೇ ಇಟ್ಟುಕೊಂಡಿದ್ದರು. ಆ ತಿಂಗಳೆಲ್ಲ ಬದುವಿನ ಮೇಲೆ, ಎರಡೂ ಕೈ ಜೇಬಿನಲ್ಲಿ.

ಆ ಕೆಲಸ ಕಲಿಸಿದ್ದನ್ನು ಹೊಸಬರಿಗೆ ಮೊದಲ ದಿನವೇ ಹೇಳುತ್ತೇನೆ: ಉತ್ತರ ಚೆನ್ನಾಗಿ ಬಂತೆಂದು ಹಿಗ್ಗುವ ಮೊದಲು ಚಿತ್ರದಲ್ಲಿ ಇನ್ನೇನಿದೆ ನೋಡಿ. ನಿಮ್ಮ ಕಣ್ಣಿಗೆ ಹಳದಿ ಕಂಡರೆ ಬಾಯಿಬಿಟ್ಟು ಹೇಳಿ. ಎರಡನೆಯದು ನನಗೆ ನಾನೇ ಹೇಳಿಕೊಳ್ಳುವುದು.

ಹೋದ ವಾರ ಈ ವರ್ಷದ ವಿದ್ಯಾರ್ಥಿನಿಯೊಬ್ಬಳು, “ಅಕ್ಕ, 2019ರ ಹಳೇ ಒರಿಜಿನಲ್ಸ್ ಅಳಿಸ್ಬಿಡ್ಲಾ? ಜಾಗ ಸಾಲ್ತಿಲ್ಲ,” ಎಂದಳು. ಇರಲಿ, ನಾನು ನೋಡಿ ಹೇಳುತ್ತೇನೆ ಎಂದೆ. ಅವಳು ಊಟಕ್ಕೆ ಹೋದ ಮೇಲೆ, ಕೈ ಅಳಿಸುವ ಮೊದಲಿನ ಆ ಫೋಟೋಗಳನ್ನು ತೆರೆದೆ. ಮಾವನ ಕೈ ಸಾಲುಸಾಲಾಗಿ ಬಂತು. ತಿಥಿಗೆ ಒಂದು ಒಳ್ಳೆಯ ಫೋಟೋ ಸಿಗದೆ, ಯಾರದೋ ಮದುವೆಯ ಗುಂಪಿನಿಂದ ಅವರ ಮುಖ ಕತ್ತರಿಸಿ ದೊಡ್ಡದು ಮಾಡಿಸಿದ್ದೆವು. ಇಲ್ಲಿ ಎರಡು ಸಾವಿರ ಇದ್ದವು, ಒಂದರಲ್ಲೂ ಮುಖವಿಲ್ಲ.

ಕೈ ಇದ್ದವುಗಳಲ್ಲಿ ಕೊನೆಯದು ಆ ಭಾನುವಾರದ್ದು. ಎಲೆಯಿಲ್ಲದ, ಬರೀ ಅಂಗೈ. ಯಾಕೋ ಅದನ್ನು, ಎಲೆ ಮಾತ್ರ ನೋಡಲು ಕಲಿತ ಈಗಿನ ಪ್ರೋಗ್ರಾಮಿಗೆ ಕೊಟ್ಟು ನೋಡಿದೆ. ಕ್ಷಣದಲ್ಲೇ ಉತ್ತರ ಬಂತು: ‘ಚಿತ್ರದಲ್ಲಿ ಏನೂ ಇಲ್ಲ’.

ಉತ್ತರ ಸರಿಯಾಗಿತ್ತು. ಅದು ಹಾಗೆ ಹೇಳಲೆಂದೇ ನಾನು ಮೂರು ವಾರ ಕೂತು ಗೆರೆ ಎಳೆದಿದ್ದೆ.