ಕಾಲಿಗೆ ಚಕ್ರ ಕಟ್ಟಿಕೊಂಡವರಿಗೊಂದು ವಿಳಾಸ

“ಕಳೆದ ವರ್ಷ ಎಲ್ಲೆಲ್ಲಿ ಮಲಗಿದ್ರಿ, ಒಂದೊಂದಾಗಿ ಹೇಳಿ.”

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲಾಂಡ್ರಿಯ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಸೋಪಿನ ಪುಡಿಯ ಘಾಟು, ಮೂಲೆಯಲ್ಲಿ ಗುಡುಗುಡು ಎನ್ನುವ ಒಂದು ಯಂತ್ರ. ಯಂತ್ರದ ಪಕ್ಕ ಮಡಚುವ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರ ಪರದೆಯಲ್ಲೊಬ್ಬ ಗಡ್ಡದ ಯುವಕ. ಅವನಿರುವ ಕಡೆ ಈಗ ಸಂಜೆ. ಇಲ್ಲಿ ಪ್ರಶ್ನೆ ಕೇಳುತ್ತಿರುವವರು ಸ್ವೆಟರಿನ ತೋಳು ಮೊಣಕೈವರೆಗೆ ಏರಿಸಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತ ಐವತ್ತು ದಾಟಿದ ಹೆಂಗಸು. ಗಿರಾಕಿಗಳ ಬಾಯಲ್ಲಿ ಅವರು ಲಾಂಡ್ರಿ ಅಕ್ಕ.

ಯುವಕ ತಲೆ ಕೆರೆದುಕೊಳ್ಳುತ್ತಾನೆ. ಮೊದಲು ಒಂದು ದ್ವೀಪ ಎನ್ನುತ್ತಾನೆ. ಅಲ್ಲ, ಅದಕ್ಕೂ ಮುಂಚೆ ಗೆಳೆಯನ ಮನೆಯ ಸೋಫಾ. ನಡುವೆ ಒಂದು ತಿಂಗಳು ಎಲ್ಲಿ ಹೋಯಿತೋ ಅವನಿಗೇ ನೆನಪಿಲ್ಲ. ಅಕ್ಕನಿಗೆ ಅವಸರವಿಲ್ಲ. “ಫೋನಲ್ಲಿರೋ ಹಳೇ ಫೋಟೋ ನೋಡ್ಕೊಳ್ಳಿ. ದಿನಾ ತಿಂಡಿ ತಟ್ಟೆ ಫೋಟೋ ಹೊಡೀತೀರಲ್ಲ, ಅದರಲ್ಲೇ ಎಲ್ಲಾ ಸಿಗುತ್ತೆ,” ಎನ್ನುತ್ತಾರೆ. ಅವನು ಹುಡುಕುತ್ತಾ ಹೋಗುತ್ತಾನೆ, ಇವರು ಬರೆದುಕೊಳ್ಳುತ್ತಾ ಹೋಗುತ್ತಾರೆ.

ಒಂದು ಲ್ಯಾಪ್‌ಟಾಪ್, ಒಂದು ಚೀಲ, ಇಷ್ಟೇ ಆಸ್ತಿ ಹೊತ್ತುಕೊಂಡು ದೇಶದಿಂದ ದೇಶಕ್ಕೆ ಹಾರುತ್ತಾ, ಹೋದಲ್ಲೇ ಕೂತು ದುಡಿಯುವ ಜನ ಈಗ ಎಲ್ಲ ಕಡೆ ಇದ್ದಾರೆ. ನೋಡಿದವರಿಗೆ ಹೊಟ್ಟೆ ಉರಿಯುವಂಥ ಬದುಕು. ಆದರೆ ಅವರು ಯಾವ ದೇಶಕ್ಕೆ ತೆರಿಗೆ ಕಟ್ಟಬೇಕು, ತಮ್ಮ ಪುಟ್ಟ ವ್ಯವಹಾರವನ್ನು ಎಲ್ಲಿ ನೋಂದಾಯಿಸಬೇಕು ಎಂದು ಕೇಳಿ ನೋಡಿ, ಮುಖ ಸಪ್ಪಗಾಗುತ್ತದೆ. ಅಂತರ್ಜಾಲದ ಗುಂಪುಗಳಲ್ಲಿ ಕೇಳಿದರೆ ಹತ್ತು ಜನ ಹನ್ನೊಂದು ಉತ್ತರ ಕೊಡುತ್ತಾರೆ. ‘ಎಲ್ಲೂ ನಿಲ್ಲದವನು ಎಲ್ಲೂ ಕಟ್ಟಬೇಕಿಲ್ಲ’ ಎಂದು ಧೈರ್ಯ ತುಂಬುವ ಭೂಪರೂ ಅಲ್ಲಿದ್ದಾರೆ. ಅದನ್ನು ನಂಬಿ ಹಳ್ಳಕ್ಕೆ ಬಿದ್ದವರು ಕೊನೆಗೆ ಈ ಲಾಂಡ್ರಿಯ ಬಾಗಿಲಿಗೆ ಬರುತ್ತಾರೆ.

“ಸರ್ಕಾರಕ್ಕೆ ನಿಮ್ಮ ಮನಸ್ಸು ಎಲ್ಲಿದೆ ಅನ್ನೋದು ಬೇಕಾಗಿಲ್ಲ. ಮೈ ಎಲ್ಲಿತ್ತು ಅಂತ ಮೊದಲು ಕೇಳುತ್ತೆ. ಅದಕ್ಕೇ ನಾನೂ ಅಲ್ಲಿಂದಲೇ ಶುರು ಮಾಡೋದು,” ಎನ್ನುತ್ತಾರೆ ಅಕ್ಕ. ಶುರುವಿನಲ್ಲಿ ಈ ಪ್ರಶ್ನೆಯಿಂದ ಮನೆಯಲ್ಲೇ ಫಜೀತಿಯಾಗಿತ್ತಂತೆ. ಮೇಲಿನ ಮಹಡಿಯಿಂದ ಇಳಿದು ಬಂದ ಅತ್ತೆಯವರ ಕಿವಿಗೆ, ಸೊಸೆ ಯಾರೋ ಪರಗಂಡಸಿಗೆ ಎಲ್ಲಿ ಮಲಗಿದ್ರಿ, ಎಷ್ಟು ದಿನ ಮಲಗಿದ್ರಿ ಎಂದು ಕೇಳುವುದು ಬಿದ್ದಿದೆ. ಎರಡು ದಿನ ಅವರು ಕೆಳಗೇ ಇಳಿಯಲಿಲ್ಲ. ಈಗ ಅದೇ ಅತ್ತೆ ಟವೆಲ್ ಮಡಚುತ್ತಾ ಕೂತು, ಹೊಸಬರು ಬಂದರೆ ತಾವೇ ಮೊದಲು ಕೇಳಿಬಿಡುತ್ತಾರೆ: “ಎಲ್ಲಿ ಮಲಗಿದ್ಯಪ್ಪಾ?”

ಅಕ್ಕ ಮೊದಲು ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಟೈಪು ಮಾಡುತ್ತಾ ಓದಿದ್ದು, ಓದುತ್ತಾ ಕಲಿತದ್ದು. ಆಮೇಲೆ ಪರೀಕ್ಷೆಯನ್ನೂ ಕಟ್ಟಿ ಪಾಸಾದರು. ಆ ಸಲಹೆಗಾರರು ತೀರಿಕೊಂಡು ಕಚೇರಿ ಮುಚ್ಚಿದಾಗ ಗಂಡನ ಲಾಂಡ್ರಿಗೆ ಬಂದು ಕೂತರು. “ಒಂದು ವರ್ಷ ಬರೀ ಕಾಲುಚೀಲದ ಜೋಡಿ ಹುಡುಕಿದೀನಿ. ಬೇಜಾರಾಗ್ತಿತ್ತು. ಕಲಿತಿದ್ದೆಲ್ಲಾ ನೀರಲ್ಲಿ ಹೋಯ್ತು ಅನ್ಸೋದು,” ಎಂದು ಅವರು ನೆನೆಯುತ್ತಾರೆ.

ಹತ್ತಿರದಲ್ಲೇ ಅಗ್ಗದ ತಂಗುಕೋಣೆಗಳಿದ್ದದ್ದು ಅವರ ದಾರಿ ಬದಲಿಸಿತು. ಅಲ್ಲಿಯ ಚೀಲದವರು ವಾರಕ್ಕೊಮ್ಮೆ ಬಟ್ಟೆ ತಂದು ಯಂತ್ರಕ್ಕೆ ಹಾಕಿ, ಒಗೆದು ಮುಗಿಯುವವರೆಗೆ ಬೆಂಚಿನ ಮೇಲೆ ಕೂತು ಮೊಬೈಲ್ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಒಂದು ದಿನ ಒಬ್ಬಳು ತೆರಿಗೆ ಇಲಾಖೆಯ ಕಾಗದ ಹಿಡಿದು ಅಳುತ್ತಾ ಕೂತಿದ್ದಳು. ಅಕ್ಕ ಕೈ ಒರೆಸಿಕೊಂಡು ಹೋಗಿ, “ಕೊಡಮ್ಮ, ನೋಡೋಣ,” ಎಂದರು. ಬಟ್ಟೆ ಒಣಗುವಷ್ಟರಲ್ಲಿ ಅವಳ ಅಳುವೂ ನಿಂತಿತ್ತು. ಅಲ್ಲಿಂದ ಬಾಯಿಂದ ಬಾಯಿಗೆ ಸುದ್ದಿ ಹರಡಿತು.

ಇವತ್ತಿಗೂ ಇಲ್ಲಿಯ ಪದ್ಧತಿ ಅದೇ. ಮೊದಲ ಸಲಹೆ ಒಂದು ಒಗೆತದ ಹೊತ್ತು, ಪುಕ್ಕಟೆ. ಯಂತ್ರ ಕೂಗಿದರೆ ಮಾತು ಮುಗಿಯಿತು. “ಅಷ್ಟರೊಳಗೆ ಹೇಳೋಕಾಗದ ಕಷ್ಟ ಕಡಿಮೆ. ಹೊತ್ತು ಜಾಸ್ತಿ ಕೊಟ್ರೆ ಪ್ರೇಮದ ಕತೆನೂ ಹೇಳ್ತಾರೆ,” ಎಂದು ನಗುತ್ತಾರೆ. ದಿನಕ್ಕೆ ನಾಲ್ಕೈದು ಜನ ಎದುರಿಗೆ ಬಂದು ಕೂರುತ್ತಾರೆ, ಬೆಳಗಿನ ಜಾವ ಇಬ್ಬರು ಮೂವರು ಪರದೆಯಲ್ಲಿ ಬರುತ್ತಾರೆ. ಬೇರೆ ದೇಶದ ಕಾನೂನಿನ ಪ್ರಶ್ನೆ ಬಂದರೆ ಅಲ್ಲಿಯ ಸಲಹೆಗಾರರ ಹೆಸರು ಕೊಟ್ಟು ಕಳಿಸುತ್ತಾರೆ. “ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತೀನಿ. ಕೆಲವರಿಗೆ ಸಿಟ್ಟು ಬರುತ್ತೆ, ಬರಲಿ.”

ಸಿಟ್ಟು ಬರಲು ಇನ್ನೊಂದು ಕಾರಣವೂ ಇದೆ. ನೋಂದಣಿಗೆ ಒಂದು ವಿಳಾಸ ಬೇಕು. ಊರೂರು ಸುತ್ತುವವರಿಗೆ ಇಲ್ಲದ್ದೇ ಅದು. ಸುಳ್ಳು ವಿಳಾಸ ಅಂಟಿಸಿ ಕೈತೊಳೆದುಕೊಳ್ಳುವ ಸಲಹೆಗಾರರು ಬೇಕಾದಷ್ಟಿದ್ದಾರೆ. ಅಕ್ಕ ಅದಕ್ಕೆ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಹಾಗಾಗಿ ಎದ್ದು ಹೋದ ಗಿರಾಕಿಗಳೂ ಕಡಿಮೆಯೇನಲ್ಲ.

ಈ ಲೇಖನಕ್ಕಾಗಿ ನಾನು ಹೋದ ಬೆಳಿಗ್ಗೆ ಅವರ ಮುಖದಲ್ಲಿ ಎಂದಿನ ನಗು ಸ್ವಲ್ಪ ಕಡಿಮೆ ಇದೆ. ಕಾರಣ ಒಬ್ಬ ನಕ್ಷೆಯ ಹುಡುಗಿ. ಪುಸ್ತಕಗಳಿಗೆ ಭೂಪಟ ಬರೆಯುವುದು ಅವಳ ಕಸುಬು. ಆರು ವರ್ಷ ಎಲ್ಲೂ ಎರಡು ತಿಂಗಳು ನಿಂತವಳಲ್ಲ. ಕಳೆದ ವರ್ಷ ಕಾಲು ಸೋತು ಈ ಊರಲ್ಲೇ ಉಳಿಯುವ ಮನಸ್ಸು ಮಾಡಿದಳು. ಶಾಲಾ ಪುಸ್ತಕ ಮಾಡುವ ಕಂಪನಿಯೊಂದು ಮೂರು ವರ್ಷದ ಕೆಲಸ ಕೊಡಲು ಸಿದ್ಧವಾಯಿತು. ಷರತ್ತು ಒಂದೇ, ವ್ಯವಹಾರದ ನೋಂದಣಿ ಪತ್ರ ಕೈಯಲ್ಲಿರಬೇಕು.

ಯಾವುದೋ ಗುಂಪಿನ ಸಲಹೆ ಕೇಳಿ ಅವಳು ತಾನೇ ಅರ್ಜಿ ಹಾಕಿದಳು, ಅಕ್ಕನಿಗೂ ಹೇಳಲಿಲ್ಲ. ‘ಕೆಲಸ ಮಾಡುವ ಸ್ಥಳ’ ಎಂಬ ಕಡೆ ಬಂದಾಗ ಯೋಚಿಸಿದಳು. ಪ್ರತಿ ವಾರ ತಪ್ಪದೆ ಕೂತು ಬರೆಯುವ ಜಾಗ ಯಾವುದು? ಲಾಂಡ್ರಿಯ ಬೆಂಚು. ಅದನ್ನೇ ಬರೆದಳು. ಪರಿಶೀಲನೆಗೆ ಬಂದ ಅಧಿಕಾರಿ, “ಇಲ್ಲಿ ನಕ್ಷೆ ತಯಾರಿಸ್ತಾರಾ?” ಎಂದು ಕೇಳಿದಾಗ ಒಳಗಿದ್ದದ್ದು ಅಕ್ಕನ ಯಜಮಾನರೊಬ್ಬರೇ. ಇಸ್ತ್ರಿ ಮಾಡುತ್ತಿದ್ದ ಅವರು ತಲೆಯೆತ್ತಿ, “ಇಲ್ಲ ಸಾರ್, ಇಲ್ಲಿ ಬಟ್ಟೆ ಒಗೀತೀವಿ,” ಎಂದರು. ಅರ್ಜಿ ತಿರಸ್ಕೃತವಾಯಿತು.

“ನಾನು ಹೇಳಿದ್ದರಲ್ಲಿ ತಪ್ಪೇನಿದೆ ಹೇಳಿ?” ಎಂದು ಯಜಮಾನರು ಈಗಲೂ ನನ್ನನ್ನು ಕೇಳುತ್ತಾರೆ.

ಅಕ್ಕ ಆಮೇಲೆ ಕಿಟಕಿಯ ಬದಿಯ ಜಾಗ ಖಾಲಿ ಮಾಡಿಸಿ, ಹುಡುಗಿಗೆ ನಿಜವಾಗಿಯೇ ಬಾಡಿಗೆಗೆ ಕೊಟ್ಟರು. ಮೂರು ವರ್ಷದ ಕರಾರು, ಒಂದು ಮೇಜು, ಬಾಗಿಲ ಪಕ್ಕ ಅವಳ ಹೆಸರಿನ ಫಲಕ. ಹೊಸ ಅರ್ಜಿ ಹೋಯಿತು. ಇವತ್ತು ಅಧಿಕಾರಿ ಮತ್ತೆ ಬರುವ ದಿನ. ಕಂಪನಿ ಕೊಟ್ಟ ಗಡುವು ಈ ವಾರಕ್ಕೆ ಮುಗಿಯುತ್ತದೆ, ಇದೂ ಬಿದ್ದುಹೋದರೆ ಕೆಲಸ ಬೇರೆಯವರ ಪಾಲು. ಹುಡುಗಿ ಹಳೆಯ ಕೋಣೆಯಲ್ಲಿ ಬಿಟ್ಟಿದ್ದ ನಕ್ಷೆಗಳನ್ನು ತರಲು ಪಕ್ಕದೂರಿಗೆ ಹೋದವಳು ಇನ್ನೂ ಬಂದಿಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆಯೆಂದು ಫೋನ್ ಬಂದಿದೆ.

ಅಧಿಕಾರಿ ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಫಲಕ ಓದುತ್ತಾರೆ, ಮೇಜು ನೋಡುತ್ತಾರೆ. “ಇವರು ಎಲ್ಲಿ?” ಎಂದು ಕೇಳುತ್ತಾರೆ. ಈಗಷ್ಟೇ ಹೊರಗೆ ಹೋದರು ಎಂದು ಹೇಳಿಬಿಡಲು ಪಕ್ಕದಲ್ಲಿ ನಿಂತ ನನಗೇ ನಾಲಿಗೆ ತುರಿಸುತ್ತದೆ.

“ಬಸ್ಸು ಕೆಟ್ಟು ದಾರೀಲಿದಾರೆ ಸಾರ್,” ಎನ್ನುತ್ತಾರೆ ಅಕ್ಕ. “ಈ ಯಂತ್ರ ಈಗ ಹಾಕಿದೀನಿ. ಇದು ನಿಲ್ಲೋವರೆಗೆ ಕೂತ್ಕೊಳ್ಳಿ. ಅಷ್ಟರಲ್ಲಿ ಬರದೇ ಇದ್ರೆ ನಿಮಗೆ ಕಂಡಿದ್ದು ಬರ್ಕೊಳ್ಳಿ.”

ಅಧಿಕಾರಿ ಬೆಂಚಿನ ಮೇಲೆ ಕೂರುತ್ತಾರೆ. ಕೂತವರು ಸುಮ್ಮನಿರದೆ ಯಜಮಾನರ ಕಡೆ ತಿರುಗುತ್ತಾರೆ. “ಏನಪ್ಪಾ, ಈಗ ಇಲ್ಲಿ ನಕ್ಷೆ ಕೆಲಸ ನಡೆಯುತ್ತಾ?”

ಅತ್ತೆಯ ಕೈಯಲ್ಲಿ ಟವೆಲ್ ಹಾಗೇ ನಿಲ್ಲುತ್ತದೆ. ಯಜಮಾನರು ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ, ಸಾವಕಾಶವಾಗಿ ಯೋಚಿಸುತ್ತಾರೆ.

“ವಾರಕ್ಕೊಂದು ಸಲ ಬಂದು, ನೀವು ಕೂತಿದೀರಲ್ಲ, ಅಲ್ಲೇ ಕೂತು ಏನೋ ಗೀಚ್ತಿದ್ರು ಸಾರ್. ಅದೇ ನಕ್ಷೆ ಅಂತ ನನಗೆ ಆಮೇಲೆ ಗೊತ್ತಾಯ್ತು. ಮೇಜು ಹಾಕಿ ಎರಡೇ ದಿನ ಆಯ್ತು. ಈ ಮೇಜಲ್ಲಿ ಕೆಲಸ ಇನ್ನೂ ಶುರುವಾಗಿಲ್ಲ.”

ಅಕ್ಕ ಗಂಡನನ್ನು ದುರುಗುಟ್ಟಿ ನೋಡುವುದಿಲ್ಲ. “ಅವರು ಹೇಳಿದ್ದು ಸರಿ,” ಎಂದಷ್ಟೇ ಹೇಳಿ ಸೋಪಿನ ಡಬ್ಬಿಯ ಮುಚ್ಚಳ ಹಾಕುತ್ತಾರೆ. ಆಗ ನನಗೆ ಈ ಇಬ್ಬರ ಮೇಲೂ ತುಂಬ ಪ್ರೀತಿ ಬರುತ್ತದೆ.

ಯಂತ್ರ ಕೂಗುತ್ತದೆ. ಯಾರೂ ಬಂದಿಲ್ಲ. ಅಧಿಕಾರಿ ಎದ್ದು ಪೆನ್ನು ತೆಗೆದು, ಅಕ್ಕನ ಮುಖ ನೋಡಿ, ಬರೆಯುವ ಮೊದಲು ರಸ್ತೆಯ ಕಡೆ ಒಮ್ಮೆ ನೋಡಲು ಬಾಗಿಲಿಗೆ ನಡೆಯುತ್ತಾರೆ. ಹೊಸ್ತಿಲಲ್ಲೇ ಒಬ್ಬಳು ಅವರಿಗೆ ಡಿಕ್ಕಿ ಹೊಡೆಯುವಂತೆ ಒಳಗೆ ನುಗ್ಗುತ್ತಾಳೆ. ಬೆನ್ನ ಮೇಲೆ ಚೀಲ, ಕಂಕುಳಲ್ಲಿ ಉದ್ದನೆಯ ಕೊಳವೆ, ಮೈಯೆಲ್ಲ ಬೆವರು. ಬಸ್ಸು ನಿಂತಲ್ಲಿಂದ ಯಾರದೋ ಹಾಲಿನ ವ್ಯಾನು ಹತ್ತಿ ಬಂದಿದ್ದಾಳೆ. ಯಾರಾದರೂ ಕೇಳುವ ಮೊದಲೇ ಕೊಳವೆ ಬಿಚ್ಚಿ, ನಕ್ಷೆಯನ್ನು ಮೇಜಿನ ಮೇಲೆ ಹಾಸುತ್ತಾಳೆ.

ಅಧಿಕಾರಿ ಬಾಗಿ ನೋಡುತ್ತಾರೆ. “ಈ ನದಿ ಯಾಕೆ ಅರ್ಧಕ್ಕೇ ನಿಂತಿದೆ?”

“ಇನ್ನೂ ಬರೆಯೋದಿದೆ ಸಾರ್. ಇವತ್ತು ಇಲ್ಲೇ ಕೂತು ಮುಗಿಸ್ತೀನಿ.”

“ಮುಗಿಸಿ,” ಎಂದು ಅಧಿಕಾರಿ ನಗುತ್ತಾ ಮೇಜಿನ ಫೋಟೋ ತೆಗೆದು, ಸ್ಥಳ ಸರಿಯಿದೆ ಎಂದು ಬರೆದು ಸಹಿ ಹಾಕುತ್ತಾರೆ. ನಾಳೆ ಸಂಜೆಯೊಳಗೆ ನೋಂದಣಿ ಪತ್ರ ಬರುತ್ತದೆಂದು ಹೇಳಿ ಹೊರಡುತ್ತಾರೆ.

ನಿಮಗೇನು ಆಸೆ ಎಂದು ಅಕ್ಕನನ್ನು ಕೇಳುತ್ತೇನೆ. ಇಂಥ ಲೇಖನಗಳಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. “ದೇಶ ಸುತ್ತಬೇಕು ಅಂತ ಹೇಳ್ಲಿ ಅಂತ ಕಾಯ್ತಿದೀರಾ? ಸುತ್ತಿ ಬಂದವರ ಮುಖ ದಿನಾ ನೋಡ್ತೀನಲ್ಲ, ಸಾಕು. ಒಳ್ಳೇ ಕುರ್ಚಿ ಒಂದು ತಗೋಬೇಕು, ಸೊಂಟ ಹಿಡ್ಕೊಳ್ಳುತ್ತೆ,” ಎಂದು ಅವರು ಒದ್ದೆ ಬಟ್ಟೆಗಳನ್ನು ಬುಟ್ಟಿಗೆ ತುಂಬುತ್ತಾರೆ.

ಹುಡುಗಿ ಮೊದಲು ಕಂಪನಿಗೆ ಫೋನ್ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಮಾಡುವುದು ಅಮ್ಮನಿಗೆ. ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟು, ನಕ್ಷೆ ಸುರುಳಿಯಾಗದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಾಳೆ.

“ಅಮ್ಮಾ, ನನ್ನ ವಿಳಾಸ ಬರ್ಕೊ.”

“ತಡಿಯೇ, ಪೆನ್ಸಿಲ್ ಹುಡುಕ್ತೀನಿ,” ಎಂದು ಆ ಕಡೆಯಿಂದ ದನಿ ಬರುತ್ತದೆ. “ಪೆನ್ನಲ್ಲಿ ಬರೆದು ಬರೆದು ವಿಳಾಸದ ಪುಸ್ತಕದಲ್ಲಿ ನಿನ್ನ ಹೆಸರಿನ ಪುಟ ಪೂರ್ತಿ ಹೊಡೆದು ಹಾಕಿದ್ದೇ ಆಯ್ತು. ಈಗ ಪೆನ್ಸಿಲ್ಲೇ, ಅಳಿಸೋಕೆ ಸುಲಭ.”

ಅಕ್ಕ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಫೋನಿನ ಹತ್ತಿರ ಬಾಗುತ್ತಾರೆ.

“ಪೆನ್ನಲ್ಲೇ ಬರ್ಕೊಳ್ಳಿ ಅಮ್ಮಾ.”