ಒಂದೇ ಸಲ ಕೇಳುವವರು

ಮನೆಗೆ ನೆಂಟರು ಬಂದರೆ ನಾನು ಮೆಲ್ಲಗೆ ಬಾವಿಕಟ್ಟೆಗೆ ಜಾರುತ್ತಿದ್ದೆ. ಅವರು ಹೊರಡುವಷ್ಟರಲ್ಲಿ ಮನೆಯ ಕೊಡಪಾನ, ಬಕೆಟ್ಟು, ಹಂಡೆ ಎಲ್ಲ ತುಂಬಿರುತ್ತಿದ್ದವು. ಮಾತೆಂದರೆ ನನಗೆ ಅಷ್ಟು ಕಷ್ಟ. ಇಂಥವಳು ಬಿ.ಕಾಂ. ಮುಗಿಸಿ ನಮ್ಮೂರು ಬೆಳುವಾಯಿಯಿಂದ ಇಂಟರ್‌ವ್ಯೂಗಳಿಗೆ ಹೊರಟದ್ದಕ್ಕೆ ಕಾರಣ ದುಬೈಯಲ್ಲಿದ್ದ ಅಕ್ಕ. ಮಗುವನ್ನು ನೋಡಿಕೊಳ್ಳಲು ಜನ ಬೇಕು, ಹೇಗೂ ಮನೆಯಲ್ಲಿ ಸುಮ್ಮನೆ ಕೂತಿರುವವಳನ್ನು ಕಳಿಸಿ ಎಂದು ಅವಳು ಅಮ್ಮನಿಗೆ ದುಂಬಾಲು ಬಿದ್ದಿದ್ದಳು. ಮಗುವಿನ ಮೇಲೆ ನನಗೆ ಪ್ರೀತಿಯೇ. ಆದರೆ ನನ್ನದೇ ಒಂದು ಕೆಲಸ, ನನ್ನದೇ ಒಂದು ಕುರ್ಚಿ ಬೇಕೆಂಬ ಆಸೆ ಅದಕ್ಕಿಂತ ಜೋರಾಗಿತ್ತು. ಮಳೆಗಾಲದ ಒಳಗೆ ಕೆಲಸ ಸಿಗದಿದ್ದರೆ ನಾನು ವಿಮಾನ ಹತ್ತುವುದೆಂದು ಮನೆಯಲ್ಲಿ ತೀರ್ಮಾನವಾಯಿತು.

ಮೊದಲು ಬಂಟ್ವಾಳದ ಒಂದು ಬಟ್ಟೆ ಅಂಗಡಿಯ ಆಫೀಸಿಗೆ ಹೋದೆ. "ನಿಮ್ಮ ಬಗ್ಗೆ ಹೇಳಿ" ಎಂದರು. ಹೆಸರು ಹೇಳಿದೆ. ಅದರಾಚೆ ನನ್ನ ಬಗ್ಗೆ ನನಗೇ ಏನೂ ನೆನಪಾಗಲಿಲ್ಲ. ಅವರೇ, "ಕಂಪ್ಯೂಟರ್ ಬರ್ತದಾ?" ಎಂದು ಕೇಳಿದರು. "ಸ್ವಲ್ಪ ಸ್ವಲ್ಪ" ಎಂದೆ. ಕಾಲೇಜಿನಲ್ಲಿ ಉಳಿದವರಿಗೆಲ್ಲ ಕಂಪ್ಯೂಟರ್ ಹೇಳಿಕೊಟ್ಟವಳು ನಾನು. ಇನ್ನೊಮ್ಮೆ ಕೇಳಿದರೆ ಅದನ್ನು ಹೇಳೋಣ ಎಂದು ಕಾದೆ. ಅವರು ಕೇಳಲಿಲ್ಲ.

ಬೆಳ್ತಂಗಡಿಯಲ್ಲಿ ಹಲ್ಲಿನ ಡಾಕ್ಟರೊಬ್ಬರು, ಬಂದವರ ಹತ್ತಿರ ಮಾತಾಡಲು ಆಗುತ್ತದೆಯೇ ಎಂದು ವಿಚಾರಿಸಿದರು. "ನನಗಿಂತ ಚೆಂದ ಮಾತಾಡುವವರು ಹೊರಗೆ ಕೂತಿದ್ದಾರೆ ಡಾಕ್ಟ್ರೇ" ಎಂದೆ. ಡಾಕ್ಟರು ಹೊರಗೆ ಕೂತಿದ್ದವಳನ್ನೇ ತೆಗೆದುಕೊಂಡರು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ಇದರಲ್ಲಿ ಅಮ್ಮನ ಪಾಲೂ ಇದೆ. ಬೇರೆಯವರ ಮನೆಯಲ್ಲಿ ಚಾ ಬೇಕಾ ಎಂದರೆ ತಕ್ಷಣ "ಬೊಡ್ಚಿ" ಎನ್ನಬೇಕು, ಬೇಡ ಅಂತ. ಮತ್ತೆ ಕೇಳಿದರೆ ತಲೆ ತಗ್ಗಿಸಿ ನಗಬೇಕು. ಆಮೇಲೂ ಒತ್ತಾಯ ಮಾಡಿದರೆ ಲೋಟ ಹಿಡಿಯಬಹುದು. ಒತ್ತಾಯ ಮಾಡದ ಮನೆ ನಮ್ಮ ಕಡೆ ಇಲ್ಲದ್ದರಿಂದ ಯಾರೂ ಚಾ ಕುಡಿಯದೆ ವಾಪಸ್ಸಾದದ್ದಿಲ್ಲ. ಈ ಪಾಠವನ್ನು ನಾನು ಎಲ್ಲರಿಗಿಂತ ಚೆನ್ನಾಗಿ ಕಲಿತಿದ್ದೆ.

ಉಳಿದದ್ದು ಮೂಡುಬಿದಿರೆ. ಗಲ್ಫಿಗೆ ಟಿಕೆಟ್ ಮಾಡಿಕೊಡುವ ಟ್ರಾವೆಲ್ಸ್. ಯಜಮಾನರು ನರೆತ ಗಡ್ಡದ ಬ್ಯಾರಿಗಳು, ನಮ್ಮ ಕಡೆಯ ಮುಸ್ಲಿಮರು. ಪುಣ್ಯಕ್ಕೆ ಅವರು ನನ್ನ ಬಗ್ಗೆ ಏನೂ ಕೇಳದೆ ಕಂಪ್ಯೂಟರಿನ ಮುಂದೆ ಕೂರಿಸಿ ಸ್ವಲ್ಪ ಕೆಲಸ ಕೊಟ್ಟರು. ಮಾಡಿ ತೋರಿಸಿದೆ. ಅವರಿಗೆ ಹಿಡಿಸಿತು. ಚಾ ತರಿಸಲಾ ಎಂದರು, ಬೇಡ ಎಂದೆ. ಒಬ್ಬರೇ ಕುಡಿದರು. ಲೋಟ ಕೆಳಗಿಟ್ಟು, "ಸೋಮವಾರದಿಂದ ಬರ್ತೀರಾ?" ಎಂದು ಕೇಳಿದರು.

ನನ್ನ ಬಾಯಿ ನನ್ನ ಅಪ್ಪಣೆಗೆ ಕಾಯದೆ, "ಬೇಡ ಸರ್, ನಿಮಗೆ ಸುಮ್ಮನೆ ತೊಂದರೆ" ಎಂದಿತು.

ಅವರು ಖಾಲಿ ಲೋಟವನ್ನು ಬದಿಗೆ ಸರಿಸಿದರು. "ಆಯ್ತಮ್ಮ, ನಿಮ್ಮ ಇಷ್ಟ" ಎಂದರು.

ಬಸ್‌ಸ್ಟ್ಯಾಂಡಿನವರೆಗೆ ಹೇಗೆ ನಡೆದೆನೋ ಗೊತ್ತಿಲ್ಲ. ಕಾರ್ಕಳದ ಬಸ್ಸು ಬಂತು. "ಬೆಳುವಾಯಿಗಾ? ಬನ್ನಿ" ಎಂದ ಕಂಡಕ್ಟರನಿಗೆ ಅಭ್ಯಾಸಬಲದಿಂದ ತಲೆಯಾಡಿಸಿ ಬೇಡ ಎಂದೆ. ಅವನು ಬಿಡಲಿಲ್ಲ. "ಹತ್ತಿ ಅಕ್ಕ, ಸೀಟುಂಟು" ಎಂದು ಇನ್ನೊಮ್ಮೆ ಕರೆದ. ಆಗ ನನಗೆ ತಲೆಗೆ ಹೋಯಿತು. ಬಸ್ಸಿನವರು ಮತ್ತೆ ಕರೆಯುತ್ತಾರೆ, ಮನೆಯವರು ಮತ್ತೆ ಕೇಳುತ್ತಾರೆ. ಆಫೀಸಿನವರು ಕೇಳುವುದು ಒಂದೇ ಸಲ. ಬಸ್ಸನ್ನು ಅಲ್ಲೇ ಬಿಟ್ಟು ಬಂದ ದಾರಿಯಲ್ಲಿ ಓಡಿದೆ.

ಯಜಮಾನರು ಬೇರೆ ಯಾರಿಗೋ ಫೋನ್ ಮಾಡಲು ನಂಬರ್ ಒತ್ತುತ್ತಿದ್ದರು.

"ಸರ್, ಇನ್ನೊಮ್ಮೆ ಕೇಳಿ" ಎಂದೆ.

"ಏನು ಕೇಳುದು?"

"ಸೋಮವಾರದಿಂದ ಬರ್ತೀರಾ ಅಂತ. ನಮ್ಮಲ್ಲಿ ಮೊದಲನೇ ಸಲಕ್ಕೇ ಹೂಂ ಅನ್ನುವ ಕ್ರಮ ಇಲ್ಲ ಸರ್. ನನಗೆ ಈ ಕೆಲಸ ಬೇಕು."

ಪರಿಚಯವಿಲ್ಲದವರ ಎದುರು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಅವರು ಫೋನ್ ಕೆಳಗಿಟ್ಟು ಹೊಟ್ಟೆ ಕುಲುಕುವಂತೆ ನಕ್ಕರು.

"ನಮ್ಮಲ್ಲಿಯೂ ಇಲ್ಲ ಮಾರಾಯ್ತಿ. ಇದು ಆಫೀಸಲ್ವಾ ಅಂತ ನಾನು ಒಂದೇ ಸಲ ಕೇಳಿದ್ದು." ಮತ್ತೆ ಗಡ್ಡ ಸವರಿ, ಗಂಭೀರವಾಗಿ ಕುಳಿತು, "ಸೋಮವಾರದಿಂದ ಬರ್ತೀರಾ?" ಎಂದರು.

"ಬರ್ತೇನೆ ಸರ್."

"ಚಾ?"

"ಕುಡೀತೇನೆ."

ಆ ಚಾ ಸ್ವಲ್ಪ ಆರಿತ್ತು, ಸಕ್ಕರೆ ಜಾಸ್ತಿಯಾಗಿತ್ತು. ಅಷ್ಟು ರುಚಿಯ ಚಾ ನಾನು ಆಮೇಲೆ ಕುಡಿದಿಲ್ಲ. ಈಗಲೂ ಅದೇ ಆಫೀಸಿನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬೇರೆಯವರನ್ನು ವಿಮಾನ ಹತ್ತಿಸುತ್ತಿದ್ದೇನೆ.

ಆ ಸಂಜೆ ಅಮ್ಮನಿಗೆ ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಕೈಯಲ್ಲಿದ್ದ ಸೌಟು ಬಿಟ್ಟು ನನ್ನ ತಲೆ ಸವರಿದಳು, ಕಣ್ಣೊರೆಸಿಕೊಂಡಳು, ದೇವರ ದೀಪಕ್ಕೆ ಎಣ್ಣೆ ಹಾಕಿದಳು. ಆಮೇಲೆ ಏನೋ ನೆನಪಾದಂತೆ ನನ್ನ ಕಡೆ ತಿರುಗಿದಳು.

"ಅಲ್ಲ, ಎರಡೇ ಸಲ ಕೇಳಿದ್ದಕ್ಕೆ ಚಾ ಕುಡಿದುಬಿಟ್ಟೆಯಾ? ಅವರು ಏನು ಗ್ರಹಿಸಿಯಾರು?"