ಚೇಳು ಕಡಿದ ಮೇಲೆ ಬಂದ ಕನ್ನಡ

ಮೊನ್ನೆ ಮೊಮ್ಮಗಳ ಕೈಗೆ ಜೇನುಹುಳ ಕಡಿಯಿತು. ಸೊಸೆ ಉಳ್ಳಾಗಡ್ಡಿ ಹೆಚ್ಚಿ ಆ ಜಾಗಕ್ಕೆ ತಿಕ್ಕುತ್ತಿದ್ದಳು. ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಮ್ಮ ಇಂಗ್ಲಿಷ್ ಸರ್ ನೆನಪಾದರು. ಹಿಂದೆಯೇ ಸಿಟ್ಟೂ ಬಂತು. ಬಹಳ ಹಳೆಯ ಸಿಟ್ಟು, ಇನ್ನೂ ಆರಿಲ್ಲ...

ಮೂವತ್ತರ ದಶಕದಲ್ಲಿ ನಾನು ಧಾರವಾಡದಲ್ಲಿ ಕನ್ನಡ ಶಾಲೆ ಮುಗಿಸಿ ಇಂಗ್ಲಿಷ್ ಮೊದಲನೆಯ ಇಯತ್ತೆಗೆ ಸೇರಿದೆ. ನಮ್ಮಪ್ಪನದು ಕಾಳುಕಡಿಯ ಅಂಗಡಿ. "ಒಂದು ವರ್ಷ ನೋಡತೇನಿ. ಇಂಗ್ಲಿಷನ್ಯಾಗ ಪಾಸಾದ್ರ ಸಾಲಿ, ಇಲ್ಲಾಂದ್ರ ತಕ್ಕಡಿ" ಎಂದು ಮೊದಲೇ ಹೇಳಿಬಿಟ್ಟಿದ್ದ. ನನ್ನ ಪಕ್ಕ ಕೂರುವ ಗೆಳೆಯನ ತಂದೆ ಟಾಂಗಾ ಕುದುರೆಗಳಿಗೆ ಲಾಳ ಬಡಿಯುವವರು. ಅವನ ಮನೆಯಲ್ಲೂ ಅದೇ ಮಾತು: ನಪಾಸಾದರೆ ಸುತ್ತಿಗೆ. ನಮ್ಮಿಬ್ಬರ ಹಣೆಬರಹ ಆ ಸರ್ ಕೈಯಲ್ಲಿತ್ತು.

ಸರ್ ಅಲ್ಲೇ ಪಕ್ಕದ ಅಮ್ಮಿನಬಾವಿ ಊರಿನವರು. ಮುಂಬಯಿಗೆ ಹೋಗಿ ಹೊಸ ಪದ್ಧತಿ ಕಲಿತು ಬಂದಿದ್ದರು. ಇಂಗ್ಲಿಷ್ ತಾಸಿನಲ್ಲಿ ಕನ್ನಡದ ಒಂದಕ್ಷರವೂ ಬಾಯಿಂದ ಬರಬಾರದು ಎಂಬುದು ಆ ಪದ್ಧತಿ. ಎಲ್ಲವನ್ನೂ ಅಭಿನಯಿಸಿಯೇ ತಿಳಿಸಬೇಕು. 'ಫಾಲ್' ಎನ್ನಲು ಕೋಟು ರುಮಾಲು ಸಮೇತ ಧೊಪ್ಪನೆ ನೆಲಕ್ಕೆ ಬೀಳುತ್ತಿದ್ದರು. ಅದು ತಿಳಿಯುತ್ತಿತ್ತು. ಆದರೆ 'ಬಿಕಾಸ್' ಎಂಬುದನ್ನು ಹೇಗೆ ಅಭಿನಯಿಸುವುದು? ಸರ್ ಎರಡೂ ಕೈ ಮೇಲೆತ್ತಿ, ಹುಬ್ಬು ಕುಣಿಸಿ, ಹೆಂಚು ನೋಡುತ್ತಿದ್ದರು. ಮಳೆ ಬರುವುದಕ್ಕೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆಂದು ನಾವು ತಿಳಿದೆವು. "ಸರ, ಒಂದ ಮಾತು ಕನ್ನಡದಾಗ ಹೇಳ್ರಿ" ಎಂದು ಅಂಗಲಾಚಿದರೆ ಬೆರಳು ತುಟಿಯ ಮೇಲೆ ಹೋಗುತ್ತಿತ್ತು. ಅವರ ಬಾಯಿಯ ಬೀಗಕ್ಕೆ ಕೀಲಿಯೇ ಇರಲಿಲ್ಲ.

ಒಂದು ದಿನ ಪಾಠದ ನಡುವೆ ಸರ್ ಒಮ್ಮೆಲೇ ನನ್ನತ್ತ ಕೈ ತೋರಿಸಿ ಜಿಗಿಯತೊಡಗಿದರು. "ಸ್ಕಾರ್ಪಿಯನ್! ಸ್ಕಾರ್ಪಿಯನ್!"

ಹೊಸ ಪಾಠ ಶುರುವಾಯಿತೆಂದು ಇಡೀ ವರ್ಗ "ಸ್ಕಾರ್ಪಿಯನ್!" ಎಂದು ಒಕ್ಕೊರಲಿನಿಂದ ಕೂಗಿತು. ಸರ್ ಇನ್ನೂ ಜೋರಾಗಿ ಕಿರುಚಿದರು, ನಾವೂ ಬಿಡಲಿಲ್ಲ. ಎಲ್ಲರಿಗಿಂತ ಗಟ್ಟಿ ದನಿ ನನ್ನದೇ. ಪಾಸಾಗಬೇಕಿತ್ತಲ್ಲ! ಅಷ್ಟರಲ್ಲಿ ಗೋಡೆಗೆ ಒರಗಿಸಿದ್ದ ನನ್ನ ಕೈಗೆ ಬೆಂಕಿ ಇಟ್ಟಂತಾಯಿತು.

"ಅಯ್ಯಯ್ಯೋ, ಚೇಳೋ ತಮ್ಮಾ! ಕೈ ತಗೀಯೋ!" ಎಂದರು ಸರ್. ಕಡಿದ ಮೇಲೆ!

ನನ್ನನ್ನು ಹೊತ್ತುಕೊಂಡು ಮನೆಯವರೆಗೆ ಓಡಿದವರೂ ಅವರೇ. ಅವ್ವ ಉಳ್ಳಾಗಡ್ಡಿ ತಿಕ್ಕುತ್ತಿದ್ದರೆ ಇವರು ತಲೆಯ ಹತ್ತಿರ ಕೂತು ಗಾಳಿ ಹಾಕಿದರು. ಜ್ವರ ಇಳಿದು ನಾನು ಏಳುವವರೆಗೂ ದಿನಾ ಸಂಜೆ ಬಂದರು. ಹೊತ್ತು ಹೋಗಲೆಂದು ಪುಸ್ತಕ ತೆರೆದು ಕನ್ನಡದಲ್ಲಿ ಹೇಳತೊಡಗಿದರು. ಎಂಥ ಕನ್ನಡ! ಒಂದೊಂದು ಪಾಠವನ್ನೂ ಕಟ್ಟೆಯ ಮೇಲೆ ಕೂತು ಊರ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು. ಅಪ್ಪನೂ ಅಂಗಡಿಯಿಂದ ಬೇಗ ಬಂದು ಬಾಗಿಲ ಹತ್ತಿರ ಕೂರುತ್ತಿದ್ದ.

"ಬಿಕಾಸ್ ಅಂದ್ರ 'ಯಾಕಂದ್ರ' ಅಂತ, ತಮ್ಮಾ."

"ಅಷ್ಟ ಏನ್ರಿ ಸರ?"

"ಅಷ್ಟ."

ಆರು ತಿಂಗಳು ಹೆಂಚು ನೋಡಿದ್ದು ಇಷ್ಟಕ್ಕೆ! ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಸಾಲ್ಯಾಗೂ ಹಿಂಗ ಹೇಳ್ರಿ ಸರ, ಎಲ್ಲಾರಿಗೂ ತಿಳೀತೈತಿ" ಎಂದೆ. ಸರ್ ಮುಖ ಬಿಗಿಯಾಯಿತು. "ಸಾಲ್ಯಾಗ ಪದ್ಧತಿ ಅಂತ ಒಂದ ಐತಿ. ಅಲ್ಲೆ ಇದನ್ನ ಕೇಳಬ್ಯಾಡ" ಎಂದರು.

ನಾನು ಮರಳಿ ಶಾಲೆಗೆ ಹೋದಾಗ ಮತ್ತೆ ಅದೇ ಕುಣಿತ. ನಾನು ತಿಳಿದುಕೊಂಡಿದ್ದನ್ನು ಗೆಳೆಯನ ಕಿವಿಯಲ್ಲಿ ಕನ್ನಡದಲ್ಲಿ ಉಸುರಿದ್ದಕ್ಕೆ ಸರ್ ನನ್ನನ್ನು ಬೇರೆ ಬೆಂಚಿಗೆ ಕಳಿಸಿದರು. ಪರೀಕ್ಷೆಯಾಯಿತು. ನಾನು ಪಾಸಾದೆ. ಗೆಳೆಯ ನಪಾಸಾದ, ಅವನ ಜೊತೆ ಅರ್ಧ ವರ್ಗವೂ. ಸರ್ ನನ್ನ ಭುಜ ಹಿಡಿದು ಹೆಡ್‌ಮಾಸ್ತರರ ಮುಂದೆ ನಿಲ್ಲಿಸಿ, ಹೊಸ ಪದ್ಧತಿಯ ಫಲ ನೋಡಿ ಎಂದು ಇಂಗ್ಲಿಷಿನಲ್ಲಿ ಹೊಗಳಿದರು. ಅವರ ಮುಖ ನಿಜವಾಗಿಯೂ ಅರಳಿತ್ತು. ಅದನ್ನು ಅಲ್ಲಗಳೆಯುವಷ್ಟು ಇಂಗ್ಲಿಷ್ ನನಗಿನ್ನೂ ಬಂದಿರಲಿಲ್ಲ.

ಮುಂದೆ ಎಷ್ಟೋ ವರ್ಷ, ಟಾಂಗಾ ನಿಲ್ಲುವ ಜಾಗದಲ್ಲಿ ನಾನು ಹಾದುಹೋಗುವಾಗ ಗೆಳೆಯ ಸುತ್ತಿಗೆ ಎತ್ತಿ ನಗುತ್ತಿದ್ದ. "ಆ ಚೇಳು ನನಗ ಕಡೀಬೇಕಿತ್ತು ನೋಡಲೇ!" ಎನ್ನುತ್ತಿದ್ದ. ನನಗೆ ಎಂದೂ ನಗು ಬರಲಿಲ್ಲ. ನಾಲ್ಕು ಮಾತು ಕನ್ನಡದಲ್ಲಿ ಆಡಿದ್ದರೆ ಸರ್ ಗಂಟೇನು ಹೋಗುತ್ತಿತ್ತು ಎಂದು ಹೊಟ್ಟೆ ಉರಿಯುತ್ತಿತ್ತು...

ಗೆಳೆಯ ಈಗಿಲ್ಲ. ಸರ್ ಅಂತೂ ತೀರಿಕೊಂಡು ಎಷ್ಟೋ ಕಾಲವಾಯಿತು. ಜಗಳ ತೆಗೆಯೋಣವೆಂದರೆ ಒಬ್ಬರೂ ಉಳಿದಿಲ್ಲ. ಆದರೂ ಅವರನ್ನು ನೆನೆದರೆ ಕಣ್ಣು ತುಂಬುತ್ತದೆ. ಎಷ್ಟು ಛಂದ ಕಲಿಸುತ್ತಿದ್ದರು ನಮ್ಮ ಸರ್... ನಮ್ಮ ಮನೆಯಲ್ಲಿ.